ರಾತ್ರಿಯ ಊಟ, ಉಳಿದ ಅಡುಗೆ ಮತ್ತು ಅವ್ವನ ಗಂಗಾಳ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಪ್ರತಿ ಸಭೆಯಲ್ಲಿ ನಾವು ಉಳಿತಾಯ, ಸಾಲ, ಬಡ್ಡಿ, ಕಂತು, ಪುಸ್ತಕ ಬರೆಯುವುದು ಇದನ್ನೇ ಮಾತಾಡತೀವಿ. ಇವತ್ತು ಒಲಿ ಮುಂದಿನ ಮಾತು ಆಡೋಣ. "ಅಡಗಿ ಮಾಡೋದು ನಮಗ ಹೇಳಿಕೊಡಬೇಕೇನ್ರಿ? ಹತ್ತು ವರ್ಷದಾಕಿ ಇದ್ದಾಗಿಂದ ರೊಟ್ಟಿ ಬಡೀಲಿಕತ್ತೀವಿ" ಅಂತ ನೀವು ಅನ್ನಬಹುದು. ನಿಜ. ಅಡುಗೆ ಕಲಿಸಲು ನಾನು ಬಂದಿಲ್ಲ. ಅಡುಗೆಯ ಲೆಕ್ಕ ಮಾಡೋಣ ಅಂತ ಬಂದೀನಿ.

ಇದಕ್ಕೆ ಕಾರಣ ಅದ. ಒಂದು ಸಂಘದಲ್ಲಿ ಸಾಲದ ಪುಸ್ತಕ ತೆಗೆದು ಯಾರು ಯಾತಕ್ಕೆ ಸಾಲ ತಗೊಂಡರು ಅಂತ ನೋಡಿದೆವು. ಬೀಜ-ಗೊಬ್ಬರಕ್ಕೆ ಇತ್ತು, ಆಸ್ಪತ್ರೆಗೆ ಇತ್ತು, ಮಕ್ಕಳ ಶಾಲೆಗೆ ಇತ್ತು. ಅದರ ನಡುವೆ "ಮನೆ ಖರ್ಚು" ಅಂತ ಮತ್ತೆ ಮತ್ತೆ ಬರೆದಿತ್ತು. ಮನೆ ಖರ್ಚು ಅಂದರೆ ಏನು ಅಂತ ಕೇಳಿದರೆ ಒಬ್ಬ ಅಕ್ಕ ಸಣ್ಣ ದನಿಯಲ್ಲಿ ಹೇಳಿದಳು: "ಕಿರಾಣಿ ಅಂಗಡಿ ಉದ್ರಿ ರೀ. ತಿಂದು ಮುಗಿದದ್ದಕ್ಕ ಸಾಲ ತಗೊಂಡೀನಿ."

ತಿಂದು ಮುಗಿದದ್ದಕ್ಕೆ ಬಡ್ಡಿ ಕಟ್ಟುವುದು ಎಲ್ಲಕ್ಕಿಂತ ಕಷ್ಟದ ಸಾಲ. ಎಮ್ಮೆ ಕೊಂಡರೆ ಹಾಲು ಬರ್ತದ, ಹೊಲಿಗೆ ಯಂತ್ರ ಕೊಂಡರೆ ಕೂಲಿ ಬರ್ತದ. ಮುಗಿದ ಊಟದಿಂದ ಏನೂ ತಿರುಗಿ ಬರೋದಿಲ್ಲ. ಅದಕ್ಕೇ ಇವತ್ತು ಮೂರು ವಿಷಯ. ಮೊದಲನೆಯದು, ರಾತ್ರಿ ಊಟದ ಯೋಜನೆ. ಎರಡನೆಯದು, ಉಳಿದದ್ದನ್ನ ಸರಿಯಾಗಿ ಬಳಸುವುದು. ಮೂರನೆಯದು, ಈ ಉಳಿತಾಯ ಯಾರ ಹೊಟ್ಟೆಯಿಂದ ಬರ್ತದ ಅನ್ನುವುದು. ಮೂರನೆಯ ಮಾತನ್ನ ನಾವು ಯಾರೂ ಬಾಯಿ ಬಿಟ್ಟು ಆಡೋದಿಲ್ಲ. ಇವತ್ತು ಆಡೋಣ.

1. ಬಡವರ ಮನೆಯಲ್ಲೂ ಅಡುಗೆ ಹಾಳಾಗ್ತದೇನು?

ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಒಂದು ವರದಿ ಕೊಟ್ಟಿತು. 2022ರ ಒಂದೇ ವರ್ಷದಲ್ಲಿ ಜಗತ್ತಿನ ಮನೆ, ಅಂಗಡಿ, ಹೋಟೆಲುಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ಹಾಳಾಯಿತು. ಅದರಲ್ಲಿ ನೂರಕ್ಕೆ 60ರಷ್ಟು ಹಾಳಾದದ್ದು ಮನೆಗಳಲ್ಲೇ. ಶ್ರೀಮಂತ ದೇಶ, ಬಡ ದೇಶ ಅನ್ನುವ ದೊಡ್ಡ ವ್ಯತ್ಯಾಸ ಇದರಲ್ಲಿ ಕಾಣಲಿಲ್ಲ ಅಂತಲೂ ಆ ವರದಿ ಹೇಳ್ತದ.

"ನಮ್ಮ ಮನ್ಯಾಗ ಏನ್ ಹಾಳಾಗ್ತದ್ರಿ?" ಅಂತೀರಿ. ಒಂದು ಸಣ್ಣ ಲೆಕ್ಕ ಮಾಡೋಣ. ಐದು ಮಂದಿಯ ಮನೆ. ದಿನಾ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಬಡಿದೆವು, ಅವು ಮರುದಿನ ದನಕ್ಕೋ ನಾಯಿಗೋ ಹೋದವು ಅನ್ನಿ. ತಿಂಗಳಿಗೆ 60 ರೊಟ್ಟಿ ಆಯಿತು. ಒಂದು ರೊಟ್ಟಿಗೆ 60-70 ಗ್ರಾಂ ಹಿಟ್ಟು ಹಿಡಿದರೆ ಸುಮಾರು 4 ಕಿಲೋ ಜೋಳ. ಇವತ್ತಿನ ಸಂತೆಯಲ್ಲಿ 4 ಕಿಲೋ ಜೋಳಕ್ಕೆ ಎಷ್ಟು ಅಂತ ನೀವೇ ಹೇಳಿ. ಅದರ ಜೊತೆಗೆ ಗಿರಣಿ ಕೂಲಿ, ಉರುವಲು, ನಿಮ್ಮ ತೋಳಿನ ದುಡಿಮಿ. ಈಗ ನಮ್ಮ ಸಂಘದ ವಾರದ ಉಳಿತಾಯ ಎಷ್ಟು ಅಂತ ನೆನಪು ಮಾಡಿಕೊಳ್ಳಿ. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಅಕ್ಕಿ ಅಳೆದು ಹಾಕುವಾಗ ಒಂದು ಹಿಡಿ ತೆಗೆದು ಬೇರೆ ಗಡಿಗೆಯಲ್ಲಿ ಇಡುತ್ತಿದ್ದರು. ಬ್ಯಾಂಕು ಬಾರದ ಊರಲ್ಲಿ ಅದೇ ಹೆಣ್ಣುಮಕ್ಕಳ ಮೊದಲ ಉಳಿತಾಯ ಖಾತೆ.

2. ನಮ್ಮ ನೆಲದ ಊಟವೇ ಅಗ್ಗದ ಊಟ

ಮಿತವ್ಯಯ ಅಂದರೆ ಬೇರೆ ಊರಿನ ಹೊಸ ಅಡುಗೆ ಕಲಿಯಬೇಕು ಅಂತಲ್ಲ. ನಮ್ಮ ಕಲಬುರಗಿ ಜಿಲ್ಲೆಗೆ ತೊಗರಿ ಕಣಜ ಅಂತ ಹೆಸರು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಜೋಳ ನಮ್ಮದು, ಸಜ್ಜೆ ನಮ್ಮದು. ಪುಂಡಿ ಪಲ್ಯ, ಮೆಂತ್ಯ, ರಾಜಗಿರಿ ನಮ್ಮ ಸಂತಿಯಲ್ಲಿ ಸಿಗುವ ಸೊಪ್ಪು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ನಮ್ಮ ಕೈಯ ಪುಡಿ.

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಅದ, ಅಷ್ಟೇ ನಾರೂ ಅದ. ತೊಗರಿ ಬೇಳೆಯಲ್ಲಿ ಅದರ ಎರಡು ಪಟ್ಟು, 20 ಗ್ರಾಂಗೂ ಮೇಲೆ ಪ್ರೋಟೀನು ಅದ. ಜೋಳದಲ್ಲಿ ಯಾವುದು ಕಡಿಮೆ ಇದೆಯೋ ಅದನ್ನ ಬೇಳೆ ತುಂಬತದ. ಹಾಗಾಗಿ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಒಂದು ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ ಇಷ್ಟಿದ್ದರೆ ಯಾವ ಡಾಕ್ಟರೂ ತಪ್ಪು ಹಿಡಿಯದ ಊಟ. ಕೈ ಹಿಡಿತ ಬೇಕಾದಾಗ ನಾವು ಮೊದಲು ಬೇಳೆಗೆ ನೀರು ಹೆಚ್ಚು ಮಾಡತೀವಿ. ಅದೊಂದು ಮಾಡಬ್ಯಾಡ್ರಿ. ಬೇಳೆ ತೆಳ್ಳಗಾದರೆ ಊಟ ತೆಳ್ಳಗಾಯಿತು ಅಂತಲೇ ಅರ್ಥ. ಕಡಿಮೆ ಮಾಡುವುದಿದ್ದರೆ ಅಂಗಡಿಯ ಕುರುಕಲು ಪೊಟ್ಟಣ, ಬಿಸ್ಕೀಟು, ಮಸಾಲೆ ಪುಡಿ, ಬೇಕಾಗಿದ್ದಕ್ಕಿಂತ ಹೆಚ್ಚಿನ ಎಣ್ಣೆ ಇವನ್ನ ಕಡಿಮೆ ಮಾಡಿ. ಮಗು ಕೈಯಲ್ಲಿ ದಿನಾ ಒಂದು ಕುರುಕಲು ಪೊಟ್ಟಣಕ್ಕೆ ಕೊಡುವ ದುಡ್ಡನ್ನ ಒಂದು ತಿಂಗಳು ಡಬ್ಬಿಗೆ ಹಾಕಿ ನೋಡಿ. ಬೇಳೆ ಕೊಳ್ಳಲು ರೊಕ್ಕ ಅಲ್ಲೇ ಕೂತಿರ್ತದ.

3. ಒಂದು ವಾರದ ರಾತ್ರಿ ಊಟ

ಸಾಯಂಕಾಲ ಹೊಲದಿಂದಲೋ, ಫರ್ಸಿ ಕಲ್ಲಿನ ಗಣಿಯಿಂದಲೋ ಬಂದು ಒಲಿ ಮುಂದೆ ಕೂತು "ಇವತ್ತ ಏನ್ ಮಾಡ್ಲಿ?" ಅಂತ ಯೋಚನೆ ಮಾಡಿದರೆ ದುಡ್ಡು ಹೋಗ್ತದ. ದಣಿವಿನಲ್ಲಿ ಕೈಗೆ ಸಿಕ್ಕದ್ದು ತರಿಸತೀವಿ. ಸಂತೆಯ ದಿನವೇ ಕೂತು ಏಳು ರಾತ್ರಿಯ ಲೆಕ್ಕ ಹಾಕಿಕೊಳ್ಳಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಸಿ ಗೋಡೆಗೆ ಹಚ್ಚಿ. ಕೆಳಗಿನದು ಒಂದು ಮಾದರಿ ಅಷ್ಟೇ. ನಿಮ್ಮ ಮನೆಗೆ ತಕ್ಕಂತೆ ಬದಲು ಮಾಡಿ.

ಸೋಮವಾರ: ಜೋಳದ ರೊಟ್ಟಿ, ತೊಗರಿ ಬೇಳೆ ಮತ್ತು ಜೋಳದ ನುಚ್ಚು ಹಾಕಿದ ಪುಂಡಿ ಪಲ್ಯ. ಉಳಿದ ರೊಟ್ಟಿ ಮರುದಿನ ಬೆಳಿಗ್ಗೆ ಒಗ್ಗರಣೆ ರೊಟ್ಟಿ.

ಮಂಗಳವಾರ: ಅನ್ನ, ಕಾರಬ್ಯಾಳಿ, ಸೌತೆಕಾಯಿ. ಬೇಳೆ ಬೇಯಿಸಿದ ಕಟ್ಟನ್ನ ಚೆಲ್ಲದೆ ಅದೇ ರಾತ್ರಿ ಕಟ್ಟಿನ ಸಾರು.

ಬುಧವಾರ: ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ತರಕಾರಿ ಮುಗಿದ ದಿನಕ್ಕೆ ಝುಣಕವೇ ದಿಕ್ಕು.

ಗುರುವಾರ: ಹೆಸರು ಬೇಳೆ ಕಿಚಡಿ. ಬುಟ್ಟಿಯಲ್ಲಿ ಉಳಿದ ಅರ್ಧ ಗಜ್ಜರಿ, ಎರಡು ಟೊಮೆಟೊ, ಒಂದು ಹಿಡಿ ಮೆಂತ್ಯ ಎಲ್ಲ ಇದರಲ್ಲೇ. ಒಂದೇ ಪಾತ್ರೆ, ಗ್ಯಾಸೂ ಉಳಿತು.

ಶುಕ್ರವಾರ: ರೊಟ್ಟಿ, ಮೊಳಕೆ ಬರಿಸಿದ ಮಡಕಿ ಕಾಳಿನ ಪಲ್ಯ, ಅಗಸಿ ಹಿಂಡಿ. ಕಾಳು ಬುಧವಾರ ರಾತ್ರಿಯೇ ನೆನೆ ಇಡಿ.

ಶನಿವಾರ: ಸಜ್ಜೆ ರೊಟ್ಟಿ ಅಥವಾ ಜೋಳದ ರೊಟ್ಟಿ, ಬದನೆಕಾಯಿ. ತಿನ್ನುವವರಿದ್ದರೆ ಮೊಟ್ಟೆ.

ರವಿವಾರ: ಮಾಂಸ ತಿನ್ನುವ ಮನೆಯಲ್ಲಿ ಅರ್ಧ ಕಿಲೋ ಸಾಕು, ಅದರ ಸಾರಿಗೆ ಬೇಳೆ ಕೂಡಿಸಿ ಹೆಚ್ಚು ಮಾಡಿ. ತಿನ್ನದ ಮನೆಯಲ್ಲಿ ವಾರದ ಸೊಪ್ಪು, ಕಾಳು ಎಲ್ಲ ಕೂಡಿಸಿ ಭಜ್ಜಿ. ಎಳ್ಳಮಾಸಿ ದಿನ ಹೊಲದಲ್ಲಿ ಮಾಡುವ ಭಜ್ಜಿಯನ್ನ ವರ್ಷಕ್ಕೆ ಒಂದೇ ಸಲ ಮಾಡಬೇಕು ಅಂತ ಯಾರೂ ಹೇಳಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಏನಂದರೆ, ಏಳರಲ್ಲಿ ನಾಲ್ಕು ರಾತ್ರಿಗಾದರೂ ರೊಟ್ಟಿ ಬೇಕೇ ಬೇಕು. ಒಂದು ದಿನದ ಸಾಮಾನು ಇನ್ನೊಂದು ದಿನಕ್ಕೆ ಸಾಗುತ್ತದೆ. ಬೇಗ ಕೆಡುವ ಸೊಪ್ಪು ವಾರದ ಮೊದಲಿಗೆ, ಬಾಳಿಕೆ ಬರುವ ಕಾಳು-ಹಿಟ್ಟು ಕೊನೆಗೆ.

ಅಳತೆಯ ಬಗ್ಗೆ ಒಂದು ಮಾತು. ಕಣ್ಣಳತೆ ಬೇಡ. ಒಂದು ಲೋಟ ಗೊತ್ತು ಮಾಡಿಕೊಳ್ಳಿ. ಇವತ್ತು ಎಷ್ಟು ಲೋಟ ಅಕ್ಕಿ ಹಾಕಿದೆ, ಎಷ್ಟು ಉಳಿತು ಅಂತ ಒಂದು ವಾರ ನೋಡಿ. ಏಳು ದಿನದಲ್ಲಿ ನಿಮ್ಮ ಮನೆಯ ಅಳತೆ ನಿಮಗೇ ಸಿಗ್ತದ.

ವಾಡಿ, ಸೇಡಂ, ಶಹಾಬಾದ್ ಕಡೆಯ ಅಕ್ಕಂದಿರಿಗೆ ಬೇರೊಂದು ತೊಂದರೆ. ಸಿಮೆಂಟ್ ಕಾರ್ಖಾನೆಯ ಪಾಳಿ, ರೈಲ್ವೆಯ ಪಾಳಿ. ಗಂಡ ರಾತ್ರಿ ಹನ್ನೊಂದಕ್ಕೆ ಬರ್ತಾನ, ಇಲ್ಲವೇ ಹತ್ತಕ್ಕೆ ಹೋಗ್ತಾನ. ಹಾಗಾಗಿ ಎರಡು ಸಲ ಅಡುಗೆ, ಎರಡು ಸಲ ಉರಿ. ಒಬ್ಬ ಅಕ್ಕ ಮಾಡಿಕೊಂಡ ಉಪಾಯ ಇದು: ಏಳು ಗಂಟೆಗೆ ಒಂದೇ ಸಲ ರೊಟ್ಟಿ, ಪಲ್ಯ. ಅಡುಗೆ ಇಳಿಸಿದ ಕೂಡಲೇ, ಯಾರೂ ಕೈ ಹಾಕುವ ಮೊದಲು, ತಡವಾಗಿ ಬರುವವರ ಪಾಲು ಶುದ್ಧ ಡಬ್ಬಿಯಲ್ಲಿ ಬೇರೆ. ಪಾಳಿಯ ದಿನ ಒಣ ಪಲ್ಯ, ಝುಣಕ, ಹಿಂಡಿ. ತೆಳು ಸಾರು ಪಾಳಿ ಇಲ್ಲದ ದಿನ. ಇಷ್ಟರಿಂದಲೇ ಆಕೆಯ ಸಿಲಿಂಡರು ಮೊದಲಿಗಿಂತ ಕೆಲವು ದಿನ ಹೆಚ್ಚು ಬರಲಿಕ್ಕೆ ಶುರುವಾಯಿತು.

4. ಉಳಿದ ರೊಟ್ಟಿ ಬಂಗಾರ

ಉಳಿದ ಅಡುಗೆ ಬಳಸುವುದರಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಪಾಠ ಹೇಳಬೇಕಿಲ್ಲ. ರೊಟ್ಟಿ ಒಂದನ್ನೇ ತಗೊಳ್ಳಿ.

ಬಿಸಿ ರೊಟ್ಟಿ ಉಳಿದರೆ ಮುಟಗಿ: ಬೆಳ್ಳುಳ್ಳಿ, ಜೀರಿಗೆ, ಖಾರ, ಉಪ್ಪು ಹಾಕಿ ಕುಟ್ಟಿ, ಒಂದು ಚಮಚೆ ಎಣ್ಣೆ ಅಥವಾ ತುಪ್ಪ ಹಚ್ಚಿ ಉಂಡೆ ಕಟ್ಟುವುದು. ಶಾಲೆಗೆ ಹೋಗುವ ಮಕ್ಕಳ ಡಬ್ಬಿಗೆ ಇದು ಅಂಗಡಿ ತಿಂಡಿಗಿಂತ ಎಷ್ಟೋ ಮೇಲು.

ತಂಗಳ ರೊಟ್ಟಿ ಇದ್ದರೆ ಒಗ್ಗರಣೆ: ಮುರಿದು, ನೀರು ಚಿಮುಕಿಸಿ, ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಅರಿಶಿಣ, ಒಂದು ಹಿಡಿ ಶೇಂಗಾ. ಮೇಲೆ ಲಿಂಬಿ ಹಿಂಡಿ.

ಗಟ್ಟಿಯಾದ ರೊಟ್ಟಿ ಇದ್ದರೆ ಕಡಕ್ ರೊಟ್ಟಿ: ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಒತ್ತಿ ಪೂರಾ ನೀರು ಹೋಗುವಂತೆ ಒಣಗಿಸಿ, ತಣ್ಣಗಾದ ಮೇಲೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಡಿ. ನೀರಿಲ್ಲದ ಕಡೆ ಹುಳಿ ಬರೋದಿಲ್ಲ, ಬೂಜು ಹಿಡಿಯೋದಿಲ್ಲ. ವಾರಗಟ್ಟಲೆ ಬಾಳತದ. ನಮ್ಮ ಚಿತ್ತಾಪುರ, ಚಿಂಚೋಳಿ ಕಡೆಯಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವವರ ಗಂಟಿನಲ್ಲಿ ಮೊದಲು ಹೋಗುವುದು ಇದೇ ರೊಟ್ಟಿ ಮತ್ತು ಹಿಂಡಿ.

ಉಳಿಸಲು ಹುಟ್ಟಿದ ಆ ಕಡಕ್ ರೊಟ್ಟಿ ಇವತ್ತು ಗಳಿಕೆಯ ದಾರಿಯೂ ಆಗಿದೆ. ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ 2023ನ್ನು ಆಚರಿಸಿದ ಮೇಲೆ ಜೋಳಕ್ಕೆ ಮತ್ತೆ ಮರ್ಯಾದೆ ಬಂತು. ನಮ್ಮ ಜಿಲ್ಲೆಯ ಸಂಘದ ಹೆಣ್ಣುಮಕ್ಕಳು ಬಡಿದ ರೊಟ್ಟಿ "ಕಲಬುರಗಿ ರೊಟ್ಟಿ" ಅನ್ನುವ ಹೆಸರಿನಲ್ಲಿ ಮಾರಾಟಕ್ಕೆ ಹೋಯಿತು. 2025ರ ಜೂನ್ ತಿಂಗಳ ಮನ್ ಕೀ ಬಾತ್ ಭಾಷಣದಲ್ಲಿ ಪ್ರಧಾನಮಂತ್ರಿಯವರೂ ಕಲಬುರಗಿಯ ರೊಟ್ಟಿ ಮಾಡುವ ಮಹಿಳೆಯರನ್ನ ನೆನೆದರು. ಆದರೆ ನೆನಪಿರಲಿ, ಮಾರುವ ರೊಟ್ಟಿ ಹೊಸ ಹಿಟ್ಟಿನಿಂದ ಬೇರೆಯಾಗಿ ಮಾಡಬೇಕು. ಮನೆಯಲ್ಲಿ ಉಳಿದ ರೊಟ್ಟಿ ಮನೆಗೆ ಮಾತ್ರ.

ಅನ್ನ ಉಳಿದರೆ ಚಿತ್ರಾನ್ನ ಮಾಡತೀವಿ. ಪಲ್ಯ ಸ್ವಲ್ಪೇ ಉಳಿದರೆ ಅದೇ ದಿನ ಹಿಟ್ಟಿಗೆ ಕಲಸಿ ತಾಲಿಪಟ್ಟು ತಟ್ಟಬಹುದು. ಗಟ್ಟಿ ಬ್ಯಾಳಿ ಉಳಿದರೆ ಅದರಲ್ಲೇ ಹಿಟ್ಟು ಕಲಸಿ ಚಪಾತಿ. ಕೊತ್ತಂಬರಿ ದಂಟು, ಹೀರೆಕಾಯಿ ಸಿಪ್ಪೆ ಚಟ್ನಿಗೆ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಮುಂದಿನ ಮಾತು ಮಾತ್ರ ಗಮನ ಇಟ್ಟು ಕೇಳಬೇಕು.

5. ಯಾವುದನ್ನ ಇಡಬಾರದು

ಉಳಿಸಿದ ಐವತ್ತು ರೂಪಾಯಿ ಅನ್ನ ತಿಂದು ವಾಂತಿ-ಭೇದಿ ಆಗಿ ದವಾಖಾನೆಗೆ ಸಾವಿರ ರೂಪಾಯಿ ಕೊಟ್ಟರೆ ಅದು ಉಳಿತಾಯ ಅಲ್ಲ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟತದ. ಥಂಡಿ ಊರಿನವರ ಲೆಕ್ಕ ನಮಗೆ ನಡೆಯೋದಿಲ್ಲ.

ಬೇಯಿಸಿದ ಅಡುಗೆಯನ್ನ ಎರಡು ಗಂಟೆಗಿಂತ ಹೆಚ್ಚು ಹೊರಗೆ ಹಾಗೇ ಬಿಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. 5 ಡಿಗ್ರಿಯಿಂದ 60 ಡಿಗ್ರಿ ನಡುವಿನ ಉಗುರು ಬೆಚ್ಚಗಿನ ಶಾಖದಲ್ಲಿ ರೋಗಾಣು ಬೇಗ ಬೇಗ ಬೆಳೀತಾವ. ನಮ್ಮ ಬೇಸಿಗೆಯಲ್ಲಿ ಎರಡು ಗಂಟೆಯೂ ಹೆಚ್ಚೇ.

ಅನ್ನದ ವಿಷಯ ವಿಶೇಷ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ರೋಗಾಣುವಿನ ಬೀಜ ಇರಬಹುದು. ಅದು ಕುದಿಸಿದರೂ ಸಾಯೋದಿಲ್ಲ. ಅನ್ನ ಪಾತ್ರೆಯಲ್ಲಿ ಬೆಚ್ಚಗೆ ಮುಚ್ಚಿಕೊಂಡು ಕೂತರೆ ಅದು ಬೆಳೆದು ವಿಷ ಬಿಡ್ತದ. ಆಮೇಲೆ ಒಗ್ಗರಣೆ ಹಾಕಿ ಬಿಸಿ ಮಾಡಿದರೂ ಆ ವಿಷ ಹೋಗೋದಿಲ್ಲ. ವಾಸನೆಯಿಂದಲೂ ಗೊತ್ತಾಗೋದಿಲ್ಲ. "ಬಿಸಿ ಮಾಡಿದ್ರ ಎಲ್ಲಾ ಸಾಯ್ತಾವ" ಅನ್ನುವ ಮಾತು ಅನ್ನಕ್ಕೆ ಸಲ್ಲದು. ಹಾಗಾಗಿ ಕೆಲವು ನಿಯಮ:

• ಅನ್ನ ಉಳಿಯದಂತೆ ಮಾಡುವುದೇ ಮೊದಲ ಉಪಾಯ. ಅನ್ನ ಕಡಿಮೆ, ರೊಟ್ಟಿ ಹೆಚ್ಚು ಮಾಡಿ. ಯಾಕಂದ್ರ ಉಳಿದ ರೊಟ್ಟಿ ಬಾಳತದ, ಉಳಿದ ಅನ್ನ ಬಾಳೋದಿಲ್ಲ.

• ಉಳಿದರೆ ಅಗಲ ತಾಟಿನಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ. ಫ್ರಿಜ್ ಇದ್ದವರು ಕೂಡಲೇ ಅದರಲ್ಲಿಟ್ಟು ಮರುದಿನವೇ ಮುಗಿಸಿ. ಫ್ರಿಜ್ ಇಲ್ಲದವರು ಬೇಸಿಗೆಯಲ್ಲಿ ರಾತ್ರಿಯ ಅನ್ನ ಬೆಳಿಗ್ಗೆಗೆ ಇಡಬೇಡಿ.

• ಹಾಲು, ಮೊಟ್ಟೆ, ಮಾಂಸ, ಮೀನು, ಹಸಿ ಕೊಬ್ಬರಿ ಹಾಕಿದ್ದು ಫ್ರಿಜ್ ಇಲ್ಲದೆ ರಾತ್ರಿ ಇಡಬಾರದು. ಅವು ಆ ಹೊತ್ತಿನವು, ಆ ಹೊತ್ತಿಗೇ ಮುಗಿಸಬೇಕು.

• ಹಳೆಯ ಸಾರಿಗೆ ಹೊಸ ಸಾರು ಕೂಡಿಸಬೇಡಿ. ಬಿಸಿ ಮಾಡುವುದಿದ್ದರೆ ಒಂದೇ ಸಲ, ಕೊತ ಕೊತ ಕುದಿಯುವಂತೆ.

• ಹುಳಿ ಪದಾರ್ಥವನ್ನ ಕಲಾಯಿ ಇಲ್ಲದ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ. ಸ್ಟೀಲು ಇಲ್ಲವೇ ಮಣ್ಣಿನ ಗಡಿಗೆ ಒಳ್ಳೆಯದು.

• ರೊಟ್ಟಿಗೆ ಬೂಜು ಕಂಡರೆ ಅಷ್ಟು ಕೆರೆದು ಉಳಿದದ್ದು ತಿನ್ನಬೇಡಿ, ಪೂರಾ ಬಿಸಾಡಿ. ಬೂಜು ಹಿಡಿದ ಶೇಂಗಾ ಕಾಳೂ ಹಾಗೆಯೇ. ಅದರ ವಿಷ ಯಕೃತ್ತಿಗೆ ಕೆಟ್ಟದ್ದು.

• ಎರಡು ವರ್ಷದೊಳಗಿನ ಕೂಸು, ಗರ್ಭಿಣಿ, ಮುದುಕರು, ಜ್ವರದಿಂದ ಎದ್ದವರು, ಇವರಿಗೆ ಯಾವಾಗಲೂ ಹೊಸ ಅಡುಗೆ.

ಇಷ್ಟಾದರೂ ಸ್ವಲ್ಪ ಹಾಳಾಗ್ತದ. ಸಿಪ್ಪೆ, ಕೆಟ್ಟ ಸೊಪ್ಪು ತಿಪ್ಪಿಗೆ ಹಾಕಿದರೆ ಗೊಬ್ಬರ. ದನಕ್ಕೆ ಹಾಕುವಾಗ ಒಂದು ಎಚ್ಚರಿಕೆ: ಮದುವೆ ಮನೆಯಲ್ಲಿ ಉಳಿದ ಅನ್ನದ ಬುಟ್ಟಿಯನ್ನ ಪುಣ್ಯ ಬರ್ತದ ಅಂತ ಒಮ್ಮೆಲೇ ಎಮ್ಮೆ ಮುಂದೆ ಸುರಿಯಬೇಡಿ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ ಹೊಟ್ಟೆ ಉಬ್ಬಿ ದನ ಸಾಯುವುದುಂಟು. ಸಂಘದ ಸಾಲದಿಂದ ತಂದ ಎಮ್ಮೆ ಒಂದು ಬುಟ್ಟಿ ಅನ್ನಕ್ಕೆ ಹೋದರೆ ಆ ಕಂತು ಯಾರು ಕಟ್ಟಬೇಕು?

6. ಈಗ ಅವ್ವನ ಗಂಗಾಳದ ಮಾತು

ಅಕ್ಕಂದಿರೇ, ಒಂದು ಸಭೆಯಲ್ಲಿ ನಾನು ಎರಡು ಪ್ರಶ್ನೆ ಕೇಳಿದೆ. "ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಏನು ಉಳಿತು?" ಬಹಳ ಮಂದಿ, "ಏನೂ ಉಳೀಲಿಲ್ಲ ರೀ" ಅಂದರು. "ಹಂಗಾದ್ರ ಮೊನ್ನೆಯದು ಉಳಿದದ್ದು ನಿನ್ನೆ ಯಾರು ಉಂಡರು?" ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆಮೇಲೆ ನಗು ನಿಂತಿತು. ಯಾಕಂದ್ರ ಉತ್ತರ ಎಲ್ಲರದ್ದೂ ಒಂದೇ: "ನಾನs ರೀ."

ನಮ್ಮ ಮನೆಗಳಲ್ಲಿ ಅಡುಗೆ ಹಾಳಾಗುವುದು ಕಡಿಮೆ ಅನ್ನುವುದಕ್ಕೆ ನಿಜವಾದ ಕಾರಣ ಇದು. ಉಳಿದದ್ದೆಲ್ಲ ಅವ್ವನ ಹೊಟ್ಟೆಗೆ ಹೋಗ್ತದ. ಬಿಸಿ ರೊಟ್ಟಿ ಗಂಡನಿಗೆ, ಗಟ್ಟಿ ಬ್ಯಾಳಿ ಮಕ್ಕಳಿಗೆ, ಮೆತ್ತನೆಯದು ಅತ್ತೆಗೆ. ಗಡಿಗೆಯ ತಳದ ನೀರು, ನಿನ್ನೆಯ ಪಲ್ಯ, ಮಗು ಬಿಟ್ಟ ತುತ್ತು ಅವ್ವನಿಗೆ. ಹೆಚ್ಚು ಉಳಿದ ದಿನ ಆಕೆ ಬ್ಯಾಡಾದರೂ ಉಣ್ಣುತ್ತಾಳೆ, "ಹಾಳಾಗ್ತದಲ್ಲ" ಅಂತ. ಏನೂ ಉಳಿಯದ ದಿನ ಹಿಂಡಿ ಹಚ್ಚಿಕೊಂಡು ಅರ್ಧ ರೊಟ್ಟಿ ತಿಂದು ನೀರು ಕುಡಿದು ಮಲಗುತ್ತಾಳೆ. ಮನೆಯ ಲೆಕ್ಕದಲ್ಲಿ ಇದು ಎಲ್ಲೂ ಬರೆದಿರೋದಿಲ್ಲ.

ಆದರೆ ಇದು ರಕ್ತದಲ್ಲಿ ಬರೆದಿರ್ತದ. 2019ರಿಂದ 2021ರ ನಡುವೆ ಕೇಂದ್ರ ಸರಕಾರ ಮಾಡಿದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇಡೀ ದೇಶದಲ್ಲಿ ನೂರಕ್ಕೆ 57. ಇಲ್ಲಿ ಕೂತವರಲ್ಲಿ ಪ್ರತಿ ಇಬ್ಬರಲ್ಲಿ ಒಬ್ಬರು ಅಂತ ತಿಳಿಯಿರಿ. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿಗೆ ಕತ್ತಲೆ, ಕೈಕಾಲು ಸೆಳೆತ. "ಕೆಲಸ ಹೆಚ್ಚಾತು, ಅದಕ್ಕ" ಅಂತ ಸುಮ್ಮನಾಗತೀವಿ. ರಕ್ತ ಇಲ್ಲದ ತಾಯಿಗೆ ಹೆರಿಗೆ ಕಷ್ಟ, ಹುಟ್ಟುವ ಕೂಸಿನ ತೂಕ ಕಡಿಮೆ.

ನನ್ನ ಅವ್ವನೂ ಹೀಗೇ ಇದ್ದಳು. ನಾವೆಲ್ಲ ಉಂಡು ಎದ್ದ ಮೇಲೆ ಒಲಿ ಮುಂದೆ, ದೀಪಕ್ಕೆ ಬೆನ್ನು ಹಾಕಿ ಉಣ್ಣುತ್ತಿದ್ದಳು. ಯಾಕೆ ಆ ಕಡೆ ತಿರುಗಿ ಉಣ್ಣುತ್ತಾಳೆ ಅಂತ ಸಣ್ಣವಳಿದ್ದಾಗ ತಿಳಿದಿರಲಿಲ್ಲ. ಗಂಗಾಳದಲ್ಲಿ ಏನೂ ಇಲ್ಲದ್ದು ನಮಗೆ ಕಾಣಬಾರದು ಅಂತ. ಅದು ನನಗೆ ಅರ್ಥ ಆಗುವಷ್ಟರಲ್ಲಿ ನನ್ನದೂ ಮದುವೆಯಾಗಿ, ನಾನೂ ಹಾಗೇ ಉಣ್ಣಲಿಕ್ಕೆ ಹತ್ತಿದ್ದೆ.

ಹಾಗಾಗಿ ಇವತ್ತಿನ ನನ್ನ ಮಾತಿನಲ್ಲಿ ಎಲ್ಲ ಮರೆತರೂ ಇದೊಂದು ನೆನಪಿಡಿ. ಮಿತವ್ಯಯ ಅಂದರೆ ಅವ್ವ ಕಡಿಮೆ ಉಣ್ಣುವುದು ಅಲ್ಲ. ಅವ್ವನ ಪಾಲು ಕಡಿಮೆ ಮಾಡಿ ಉಳಿಸಿದ ದುಡ್ಡು ಉಳಿತಾಯದ ಪುಸ್ತಕದಲ್ಲಿ ಕಂಡರೂ ಅದು ಉಳಿತಾಯ ಅಲ್ಲ, ಸಾಲ. ಆಕೆಯ ಮೈಯಿಂದ ತೆಗೆದ ಸಾಲ.

ಏನು ಮಾಡಬೇಕು?

ಮೊದಲನೆಯದು, ಅಡುಗೆ ಇಳಿಸಿದ ಕೂಡಲೇ ಎಲ್ಲರ ಪಾಲು ಹಾಕಿ, ಅದರಲ್ಲಿ ನಿಮ್ಮದೂ ಒಂದು. ಪಾಳಿಗೆ ಹೋದ ಗಂಡನ ಡಬ್ಬಿ ಮೊದಲೇ ಬೇರೆ ಇಡತೀವಲ್ಲ, ನಿಮ್ಮ ಡಬ್ಬಿಗೂ ಅದೇ ನಿಯಮ.

ಎರಡನೆಯದು, ಆಗುವ ಮನೆಯಲ್ಲಿ ವಾರಕ್ಕೆ ಎರಡು ದಿನವಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಒಟ್ಟಿಗೆ ಕೂತಾಗ ಗಡಿಗೆಯಲ್ಲಿ ಎಷ್ಟು ಅದ ಅಂತ ಎಲ್ಲರಿಗೂ ಕಾಣತದ. ಗಂಡಸರು ಕೆಟ್ಟವರಲ್ಲ, ಬಹಳ ಸಲ ಅವರಿಗೆ ಗೊತ್ತೇ ಇರೋದಿಲ್ಲ. ಯಾಕಂದ್ರ ನಾವು ತೋರಿಸಿಲ್ಲ.

ಮೂರನೆಯದು, ತಂಗಳು ಉಣ್ಣುವುದಿದ್ದರೆ ಎಲ್ಲರೂ ಹಂಚಿಕೊಂಡು ಉಣ್ಣಬೇಕು. ನಿನ್ನೆಯ ರೊಟ್ಟಿ ಇದ್ದರೆ ಎಲ್ಲರ ತಾಟಿಗೂ ಒಂದೊಂದು ತುಂಡು. ಒಗ್ಗರಣೆ ರೊಟ್ಟಿ ಮಾಡಿದರೆ ಮಕ್ಕಳೇ ಜಗಳ ಆಡಿ ತಿಂತಾವ.

ನಾಲ್ಕನೆಯದು, ಹೆಣ್ಣುಕೂಸಿಗೂ ಗಂಡುಕೂಸಿಗೂ ಒಂದೇ ಅಳತೆ. ಹತ್ತು ವರ್ಷದ ಮಗಳು ಕಡೆಗೆ ಉಣ್ಣುವುದನ್ನ ಯಾರಿಂದ ಕಲಿತಾಳ? ನಮ್ಮನ್ನ ನೋಡಿ.

ಐದನೆಯದು, ಊಟದ ಜೊತೆಗೆ ಒಂದು ಹೋಳು ಲಿಂಬಿ ಇರಲಿ. ಸೊಪ್ಪು, ಬೇಳೆ, ಸಜ್ಜೆಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಲಿಂಬಿಯ ಹುಳಿ ಸಹಾಯ ಮಾಡತದ. ಊಟ ಮಾಡಿದ ಕೂಡಲೇ ಚಾ ಕುಡಿದರೆ ಆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ ಆಗ್ತದ. ಚಾ ಬೇಕೇ ಬೇಕು ಅಂದರೆ ಒಂದು ತಾಸು ಬಿಟ್ಟು ಕುಡಿಯಿರಿ. ಇದಕ್ಕೆ ಖರ್ಚಿಲ್ಲ. ಗರ್ಭಿಣಿ, ಬಾಣಂತಿಯರು ಅಂಗನವಾಡಿಯಲ್ಲಿ ಹೆಸರು ಬರೆಸಿ, ಆಶಾ ಅಕ್ಕ ಕೊಡುವ ಕಬ್ಬಿಣದ ಮಾತ್ರೆ ಗೋಡೆ ಮಾಡಿನಲ್ಲಿ ಇಟ್ಟು ಮರೆಯಬೇಡಿ.

7. ಸಂಘದಿಂದ ಏನು ಸಾಧ್ಯ?

ಒಬ್ಬರಿಂದ ಆಗದ್ದು ಹತ್ತು ಮಂದಿಯಿಂದ ಆಗ್ತದ. 1992ರಲ್ಲಿ ನಬಾರ್ಡ್ ಸಂಘಗಳನ್ನ ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದಾಗ, ಬಡ ಹೆಣ್ಣುಮಕ್ಕಳು ಸಾಲ ತಿರುಗಿ ಕಟ್ಟತಾರೇನು ಅಂತ ಅನುಮಾನ ಪಟ್ಟವರು ಇದ್ದರು. ನಾವು ಕಟ್ಟಿ ತೋರಿಸಿದೆವು. ಅಡುಗೆ ಮನೆಯ ವಿಷಯದಲ್ಲೂ ಕೂಡಿ ಮಾಡಬಹುದಾದದ್ದು ಅದ.

ಸುಗ್ಗಿಯ ಕಾಲದಲ್ಲಿ ತೊಗರಿ, ಜೋಳ ಅಗ್ಗ ಇದ್ದಾಗ ಸಂಘದಿಂದ ಒಟ್ಟಿಗೆ ಕೊಂಡು ಹಂಚಿಕೊಳ್ಳಬಹುದು. ಮೂರು ತಿಂಗಳ ಬೇಳೆ ಮನೆಯಲ್ಲಿದ್ದರೆ ಉದ್ರಿ ಅಂಗಡಿಯ ಮೆಟ್ಟಿಲು ಹತ್ತುವುದು ಕಡಿಮೆ ಆಗ್ತದ. ಕಾಳನ್ನ ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಡಬ್ಬಿಯಲ್ಲಿ ಇಡಿ.

ಮದುವೆ, ಜಾತ್ರೆ, ನಾಮಕರಣದಲ್ಲಿ ಅಡುಗೆ ಉಳಿಯುವುದು ಗೊತ್ತಾದ ಕೂಡಲೇ, ಬಿಸಿ ಇರುವಾಗಲೇ, ಹಂಚುವ ಜವಾಬ್ದಾರಿ ಇಬ್ಬರು ಸದಸ್ಯೆಯರು ತಗೊಳ್ಳಬಹುದು. ಮರುದಿನ ಬೆಳಿಗ್ಗೆ ಹಳಸಿದ್ದನ್ನ ಕೊಡುವುದು ದಾನ ಅಲ್ಲ. ಶರಣಬಸವೇಶ್ವರರ ದಾಸೋಹದ ನಾಡು ಇದು. ಹಸಿದವರಿಗೆ ಕೊಡುವ ಅನ್ನ ನಾವು ಉಣ್ಣುವಂಥದ್ದೇ ಇರಬೇಕು ಅನ್ನುವುದು ನಮಗೆ ಗೊತ್ತಿಲ್ಲದ್ದಲ್ಲ.

ಕಡೆಯ ಮಾತು. ಒಂದು ತಿಂಗಳು ಪ್ರಯತ್ನ ಮಾಡಿ ನೋಡೋಣ. ಪ್ರತಿ ರಾತ್ರಿ ಒಂದು ಗೀಟು: ಏನಾದರೂ ಬಿಸಾಡಿದ್ದರೆ ಒಂದು ಗೀಟು, ನಾನು ಹೊಟ್ಟೆ ತುಂಬ ಉಂಡಿದ್ದರೆ ಇನ್ನೊಂದು ಕಡೆ ಒಂದು ಗೀಟು. ಮುಂದಿನ ತಿಂಗಳ ಸಭೆಗೆ ಆ ಚೀಟಿ ತರ್ರಿ. ಮೊದಲನೆಯ ಗೀಟು ಕಡಿಮೆ ಆಗಬೇಕು, ಎರಡನೆಯ ಗೀಟು ಮೂವತ್ತಾಗಬೇಕು. ಮೊದಲನೆಯದು ಕಡಿಮೆ ಆಗಿ ಎರಡನೆಯದೂ ಕಡಿಮೆ ಆಗಿದ್ದರೆ ನಾವು ಸೋತಂತೆ.

ಇವತ್ತು ರಾತ್ರಿ ಮನೆಗೆ ಹೋಗಿ ಅಡುಗೆ ಇಳಿಸಿದಾಗ, ಎಲ್ಲರ ಗಂಗಾಳದ ಜೊತೆ ನಿಮ್ಮದೂ ಹಚ್ಚಿಕೊಳ್ಳಿ. ದೀಪದ ಕಡೆಗೆ ಮುಖ ಮಾಡಿ ಕೂತು ಉಣ್ಣಿ.



ಸಂಘದ ಸಭೆಯಲ್ಲಿ ಚರ್ಚಿಸಲು:

1. ಕಳೆದ ವಾರ ನಮ್ಮ ಮನೆಯಲ್ಲಿ ಏನೇನು ಉಳಿಯಿತು? ಅದನ್ನು ಯಾರು ಉಂಡರು?

2. ಕಿರಾಣಿ ಉದ್ರಿ ತೀರಿಸಲು ನಾವು ಸಂಘದಿಂದ ಎಷ್ಟು ಸಲ ಸಾಲ ತೆಗೆದುಕೊಂಡಿದ್ದೇವೆ?

3. ಮುಂದಿನ ಸುಗ್ಗಿಯಲ್ಲಿ ಒಟ್ಟಿಗೆ ಬೇಳೆ-ಜೋಳ ಕೊಳ್ಳಲು ನಮ್ಮ ಸಂಘದಲ್ಲಿ ಎಷ್ಟು ಮಂದಿ ಸಿದ್ಧ?

4. ನಮ್ಮ ಊರಿನಲ್ಲಿ ಮಾಡುವ, ಉಳಿದ ರೊಟ್ಟಿಯ ಒಂದು ತಿನಿಸನ್ನು ಪ್ರತಿ ಸದಸ್ಯೆಯೂ ಮುಂದಿನ ಸಭೆಯಲ್ಲಿ ಹೇಳಿಕೊಡಬೇಕು.